ಮಿಂಚಂಚೆಯ ವಿಳಾಸಕ್ಕೆ ಕಾವಲು

ಬೆಂಗಳೂರಿನಿಂದ ಹೊಸೂರಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಕರ್ನಾಟಕದ ಗಡಿಯನ್ನು ದಾಟುವ ಮುನ್ನ ಸಿಕ್ಕುವ ಕೊನೆಯ ದೊಡ್ಡ ಊರು ಅತ್ತಿಬೆಲೆ. ಇಲ್ಲಿಯ ಸುಂಕದ ಕಟ್ಟೆಯ ಬಳಿ ಒಬ್ಬನು ದಿನವೆಲ್ಲ ಕುಳಿತು, ಹಾದುಹೋಗುವ ಲಾರಿಗಳ ಹಿಂಬದಿಯಲ್ಲಿ ಬರೆದಿರುವ ದೂರವಾಣಿ ಸಂಖ್ಯೆಗಳನ್ನು ಒಂದೊಂದಾಗಿ ಬರೆದುಕೊಳ್ಳುತ್ತಾನೆಂದು ಊಹಿಸಿಕೊಳ್ಳೋಣ. ದಿನದ ಕೊನೆಗೆ ಅವನ ಪುಸ್ತಕದಲ್ಲಿ ಕೆಲವು ನೂರು ಸಂಖ್ಯೆಗಳು ಸೇರಬಹುದು. ಅಷ್ಟರಲ್ಲಿ ಕೈ ನೋಯುವುದು, ಕಣ್ಣು ಉರಿಯುವುದು, ಕತ್ತಲಾದ ಮೇಲೆ ಏನೂ ಕಾಣದು. ಲಾರಿಯ ಮಾಲೀಕನು ತನ್ನ ಸಂಖ್ಯೆಯನ್ನು ಬರೆಯಿಸಿರುವುದು ಜನರಿಗೆ ಕಾಣಲೆಂದೇ, ಬಾಡಿಗೆ ಬೇಕಾದವರು ಕರೆಯಲೆಂದೇ. ಅದು ಗುಟ್ಟಲ್ಲ. ಆದರೂ ಯಾರೋ ಒಬ್ಬನು ಎಲ್ಲ ಲಾರಿಗಳ ಸಂಖ್ಯೆಗಳನ್ನೂ ಒಟ್ಟುಗೂಡಿಸಿ ಮಾರಿಕೊಂಡರೆ ಮಾಲೀಕನು ಅದನ್ನು ಒಪ್ಪಲಾರನು. ಬಹಿರಂಗವಾಗಿರುವುದು ಬೇರೆ, ಬಾಚಿಕೊಳ್ಳುವವನ ಕೈಗೆ ಸಿಕ್ಕುವುದು ಬೇರೆ. ಈ ಎರಡರ ನಡುವೆ ಬಹುಕಾಲ ಗೋಡೆಯಾಗಿ ನಿಂತಿದ್ದುದು ಮನುಷ್ಯನ ಆಯಾಸವೊಂದೇ. ಯಂತ್ರಕ್ಕಾದರೋ ಆಯಾಸವೆಂಬುದಿಲ್ಲ.

ಜಾಲತಾಣಗಳಲ್ಲಿ ಪ್ರಕಟವಾಗುವ ಮಿಂಚಂಚೆಯ ವಿಳಾಸಗಳಿಗೆ ಒದಗಿರುವ ತೊಂದರೆ ಇದೇ. ಅತ್ತಿಬೆಲೆಯ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಯಂತ್ರದ ಮೇಲೆ ಬಿಡಿಭಾಗಗಳನ್ನು ಕಡೆದುಕೊಡುವ ಒಂದು ಸಣ್ಣ ಕಾರ್ಖಾನೆಯಿದೆಯೆಂದು ಭಾವಿಸೋಣ. ಅದರ ಜಾಲತಾಣದ 'ನಮ್ಮನ್ನು ಸಂಪರ್ಕಿಸಿ' ಎಂಬ ಪುಟದಲ್ಲಿ 'ಮಾರಾಟ@ಕಾರ್ಖಾನೆ.ಉದಾಹರಣೆ' ಎಂಬ ವಿಳಾಸವಿದೆ. ನಿಜವಾದ ವಿಳಾಸಗಳು ಸಾಮಾನ್ಯವಾಗಿ ರೋಮನ್ ಅಕ್ಷರಗಳಲ್ಲಿರುವುವು. ತಿಳಿಯಲು ಸುಲಭವಾಗಲೆಂದು ನಾವು ಇದನ್ನು ಕನ್ನಡದಲ್ಲಿ ಬರೆದಿದ್ದೇವೆ. ಪುಣೆಯಿಂದಲೋ ಕೊಯಮತ್ತೂರಿನಿಂದಲೋ ಬರುವ ಬೇಡಿಕೆಯ ಪತ್ರಗಳಿಗಾಗಿ ಈ ವಿಳಾಸವನ್ನು ತೆರೆದಿಟ್ಟರೆ, ಅವುಗಳಿಗಿಂತ ಮೊದಲೇ ಬಾರದ ಲಾಟರಿಯ ಸುದ್ದಿ, ಬೇಡದ ಸಾಲದ ಆಹ್ವಾನ, ಕೇಳದ ಔಷಧಗಳ ಜಾಹೀರಾತು ಬಂದು ತುಂಬಿಕೊಳ್ಳುವುವು. ಸ್ಪ್ಯಾಮ್ ಎಂದು ಹೆಸರಾದ ಈ ಬೇಡದ ಅಂಚೆಯು ಪ್ರಪಂಚದ ಒಟ್ಟು ಮಿಂಚಂಚೆಯಲ್ಲಿ ಸುಮಾರು ಅರ್ಧದಷ್ಟಿರುವುದೆಂದು ಭದ್ರತಾ ಸಂಸ್ಥೆಗಳು ಲೆಕ್ಕಹಾಕಿವೆ. ಇದನ್ನು ಕಳುಹಿಸುವವರಿಗೆ ನಮ್ಮ ಕಾರ್ಖಾನೆಯ ವಿಳಾಸವನ್ನು ಹೇಳಿಕೊಟ್ಟವರು ಯಾರು?

ಹೇಳಿಕೊಟ್ಟದ್ದು @ ಎಂಬ ಆ ಪುಟ್ಟ ಗುರುತು. ಹಿಂದೆ ಇದು ವರ್ತಕರ ಗುರುತಾಗಿತ್ತು. '10 ಮೂಟೆ @ 50 ರೂಪಾಯಿ' ಎಂದು ಬಿಲ್ಲಿನಲ್ಲಿ ಬರೆದರೆ, ಮೂಟೆಯೊಂದಕ್ಕೆ 50 ರೂಪಾಯಿ ದರದಂತೆ ಎಂದರ್ಥ. ನಮ್ಮ ವಿದ್ಯಾರ್ಥಿಗಳು ಇಂದಿಗೂ ಇದನ್ನು 'ಅಟ್ ದಿ ರೇಟ್' ಎಂದು ಓದುವುದು ಆ ಅಂಗಡಿಯ ಲೆಕ್ಕದ ವಾಸನೆಯಿಂದಲೇ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರು ಒಂದು ಗಣಕದಿಂದ ಮತ್ತೊಂದು ಗಣಕಕ್ಕೆ ಪತ್ರ ಕಳುಹಿಸುವ ಏರ್ಪಾಡನ್ನು ರಚಿಸುವಾಗ, ವ್ಯಕ್ತಿಯ ಹೆಸರನ್ನೂ ಗಣಕದ ಹೆಸರನ್ನೂ ಬೇರ್ಪಡಿಸುವುದಕ್ಕೆ, ಯಾರ ಹೆಸರಿನಲ್ಲಿಯೂ ಬಾರದ ಗುರುತೊಂದು ಬೇಕೆಂದು ಇದನ್ನು ಆರಿಸಿಕೊಂಡರು. ಆಯ್ಕೆ ಬಹು ಜಾಣತನದ್ದು. ಆದರೆ ಬೇರೆಲ್ಲಿಯೂ ಕಾಣಿಸಿಕೊಳ್ಳದಿರುವ ಆ ಗುಣವೇ ಇಂದು ಮುಳುವಾಗಿದೆ. ಸಾವಿರ ಪದಗಳ ಪುಟವೊಂದರಲ್ಲಿ @ ಕಂಡಿತೆಂದರೆ ಅದರ ಎಡಬಲಗಳಲ್ಲಿ ವಿಳಾಸವೊಂದು ಇದ್ದೇ ಇರುವುದೆಂದು ಕಣ್ಣುಮುಚ್ಚಿ ಹೇಳಬಹುದು.

ವಿಳಾಸಗಳನ್ನು ಹೆಕ್ಕುವ ತಂತ್ರಾಂಶವು ಮಾಡುವ ಕೆಲಸ ಇಷ್ಟೆ. ಮೊದಲು ಒಂದು ಪುಟವನ್ನು ತರಿಸಿಕೊಂಡು ಅದರ ಮೂಲಪಠ್ಯದಲ್ಲಿ @ ಎಲ್ಲಿದೆಯೆಂದು ಹುಡುಕುವುದು. ಕಂಡೊಡನೆ ಎಡಕ್ಕೆ ಸರಿಯುತ್ತ ಅಕ್ಷರ, ಅಂಕಿ, ಚುಕ್ಕೆ, ಅಡ್ಡಗೆರೆಗಳು ಇರುವವರೆಗೂ ಹೆಕ್ಕುವುದು. ತೆರಪು ಸಿಕ್ಕಿದಲ್ಲಿ ನಿಲ್ಲುವುದು. ಬಲಕ್ಕೂ ಹಾಗೆಯೇ. ಬಲಭಾಗದಲ್ಲಿ ಒಂದಾದರೂ ಚುಕ್ಕೆಯಿದ್ದರೆ, ಸಿಕ್ಕಿದ್ದು ವಿಳಾಸವೆಂದು ತೀರ್ಮಾನಿಸಿ ಪಟ್ಟಿಗೆ ಸೇರಿಸುವುದು. ಬಳಿಕ ಆ ಪುಟದಲ್ಲಿರುವ ಕೊಂಡಿಗಳನ್ನು ಹಿಡಿದು ಮುಂದಿನ ಪುಟಕ್ಕೆ ಹೋಗುವುದು. ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಯೊಬ್ಬನು ಇದನ್ನು ಒಂದೇ ಸಂಜೆಯಲ್ಲಿ ಬರೆದು ಮುಗಿಸಬಲ್ಲನು. ಸೆಕೆಂಡಿಗೆ ಹತ್ತು ಪುಟಗಳಂತೆ ಸಾಗಿದರೂ ದಿನವೊಂದಕ್ಕೆ 8,64,000 ಪುಟಗಳಾಗುವುವು. ಸುಂಕದ ಕಟ್ಟೆಯ ಮನುಷ್ಯನಿಗೆ ಇದು ಒಂದು ಜನ್ಮದ ಕೆಲಸ. ಜಾಲತಾಣದ ಒಡೆಯರು 'ಈ ಪುಟಕ್ಕೆ ಯಂತ್ರಗಳು ಬರಕೂಡದು' ಎಂದು ಒಂದು ಕಡತದಲ್ಲಿ ಬರೆದಿಡುವ ಪದ್ಧತಿಯು 1994ರಿಂದ ಇದೆ. ಮರ್ಯಾದಸ್ಥ ಶೋಧಕಯಂತ್ರಗಳು ಇದಕ್ಕೆ ತಲೆಬಾಗುವುವು. ವಿಳಾಸ ಕದಿಯಲು ಬಂದ ಯಂತ್ರಕ್ಕೆ ಇದು 'ಇಲ್ಲಿ ಜಾಹೀರಾತು ಅಂಟಿಸಬಾರದು' ಎಂಬ ಗೋಡೆಬರಹವಿದ್ದಂತೆ. ಆ ಬರಹದ ಮೇಲೆಯೇ ಜಾಹೀರಾತು ಅಂಟಿರುವುದನ್ನು ನಾವೆಲ್ಲ ನೋಡಿಯೇ ಇದ್ದೇವೆ.

ಇಂತಹ ತಂತ್ರಾಂಶಗಳಿಗೆ ಇಂಗ್ಲಿಷಿನಲ್ಲಿ 'ಹಾರ್ವೆಸ್ಟರ್' ಎಂದು ಹೆಸರು. ಕುಯ್ಲು ಮಾಡುವಂಥದು ಎಂದರ್ಥ. ಆನೇಕಲ್ಲಿನ ರಾಗಿಯ ಸೀಮೆಯಲ್ಲಿ ಕುಯ್ಲು ಮುಗಿದ ಹೊಲದಲ್ಲಿ ಬಿದ್ದ ತೆನೆಗಳನ್ನು ಬಡವರು ಆಯ್ದುಕೊಳ್ಳುವುದಕ್ಕೆ ಹಕ್ಕಲಾಯುವುದು ಎನ್ನುವರು. ಹೊಲದೊಡೆಯನು ಅದಕ್ಕೆ ಅಡ್ಡಿ ಮಾಡುವುದಿಲ್ಲ. ಈ ಯಂತ್ರದ್ದು ಹಕ್ಕಲಲ್ಲ, ತಾನು ಬಿತ್ತದ ಪೈರಿನ ಕುಯ್ಲು. ಆದುದರಿಂದ ಮುಂದೆ ಇದನ್ನು ಕುಯ್ಲುಯಂತ್ರವೆಂದೇ ಕರೆಯುವೆವು. ಯಂತ್ರವು ಹುಟ್ಟುವ ಮೊದಲು ಈ ಕೆಲಸವೂ ಕೈಯಿಂದಲೇ ನಡೆಯಿತೆಂಬುದು ಸ್ವಾರಸ್ಯದ ಸಂಗತಿ. 1978ನೆಯ ಇಸವಿಯ ಮೇ ತಿಂಗಳಲ್ಲಿ ಅಮೆರಿಕದ ಗಣಕ ಕಂಪೆನಿಯೊಂದರ ಮಾರಾಟ ವಿಭಾಗದ ಗ್ಯಾರಿ ಥರ್ಕ್ ಎಂಬವರು ತಮ್ಮ ಹೊಸ ಗಣಕದ ಪ್ರದರ್ಶನಕ್ಕೆ ಬನ್ನಿರೆಂದು ಸುಮಾರು 400 ಜನರಿಗೆ ಒಂದೇ ಪತ್ರವನ್ನು ಕಳುಹಿಸಿದರು. ಅವರಿಗೆ ವಿಳಾಸಗಳು ದೊರೆತದ್ದು ಅಂದಿನ ಗಣಕಜಾಲದ ಬಳಕೆದಾರರ ಮುದ್ರಿತ ಪಟ್ಟಿಯಿಂದ. ಅವನ್ನು ಬೆರಳಚ್ಚು ಮಾಡಿಯೇ ಸೇರಿಸಬೇಕಾಯಿತು. ಪ್ರಪಂಚದ ಮೊದಲನೆಯ ಸ್ಪ್ಯಾಮ್ ಎಂದು ಚರಿತ್ರೆಕಾರರು ಎಣಿಸುವುದು ಇದನ್ನೇ.

ವಿಳಾಸಗಳನ್ನು ಹೀಗೆ ಗುಡ್ಡೆಹಾಕಿ ಕಳ್ಳರು ಏನು ಮಾಡುವರು, ಇದರಿಂದ ಅವರಿಗೆ ಲಾಭವಾದರೂ ಉಂಟೆ? ಈ ಪ್ರಶ್ನೆಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಉತ್ತರವಿದೆ. ಅವರು ಸ್ಪ್ಯಾಮ್ ಕಳುಹಿಸುವ ಜಾಲವೊಂದರೊಳಕ್ಕೆ ಜಾಣತನದಿಂದ ಹೊಕ್ಕು, ಔಷಧದ ಜಾಹೀರಾತೊಂದರ ಗತಿಯನ್ನು 26 ದಿನಗಳ ಕಾಲ ಗಮನಿಸಿದರು. ಹೋದ ಪತ್ರಗಳು ಸುಮಾರು 35 ಕೋಟಿ. ಕೊಳ್ಳಲು ಮುಂದೆ ಬಂದವರು 28 ಮಂದಿ! ಒಂದೂಕಾಲು ಕೋಟಿ ಪತ್ರಗಳಿಗೆ ಒಬ್ಬ ಗಿರಾಕಿ. ಪತ್ರವೊಂದಕ್ಕೆ 50 ಪೈಸೆಯ ಕಾರ್ಡನ್ನು ಬಳಸಿದ್ದರೂ ಈ ವ್ಯಾಪಾರಕ್ಕೆ 17 ಕೋಟಿ ರೂಪಾಯಿಗೂ ಮಿಕ್ಕಿ ಅಂಚೆವೆಚ್ಚ ತಗಲುತ್ತಿತ್ತು. ಆದುದರಿಂದ ಇದು ನಡೆಯಬೇಕಾದರೆ ಪತ್ರವನ್ನು ಕಳುಹಿಸುವ ಖರ್ಚೂ ವಿಳಾಸವನ್ನು ಸಂಪಾದಿಸುವ ಖರ್ಚೂ ಸೊನ್ನೆಗೆ ತೀರ ಹತ್ತಿರವಿರಬೇಕು. ಓದುಗರು ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ನಮ್ಮ ರಕ್ಷಣೋಪಾಯಗಳು ವಿಳಾಸವನ್ನು ಕದಿಯಲಾಗದಂತೆ ಮಾಡಬೇಕಾಗಿಲ್ಲ. ಕದಿಯುವ ಖರ್ಚನ್ನು ಕಾಸಿನಷ್ಟು ಏರಿಸಿದರೆ ಸಾಕು.

ಔಷಧದ ಜಾಹೀರಾತಿನಿಂದ ಹೊತ್ತು ಹಾಳಾಗುವುದು, ಅಷ್ಟೆ. ಇದಕ್ಕಿಂತ ಕೇಡಿನದು ಇನ್ನೊಂದಿದೆ. ಜಾಲತಾಣದ ಪುಟದಲ್ಲಿ ವಿಳಾಸದ ಜೊತೆಗೆ 'ಲೆಕ್ಕಪತ್ರ ವಿಭಾಗ', 'ಮುಖ್ಯ ವ್ಯವಸ್ಥಾಪಕರು' ಎಂಬ ಹುದ್ದೆಗಳೂ ಇರುವುವು. ಇವೆರಡನ್ನೂ ಹೆಕ್ಕಿಕೊಂಡವನಿಗೆ ಯಾರು ಯಾರಿಗೆ ಪತ್ರ ಬರೆಯುವರೆಂಬುದು ತಿಳಿದಂತಾಯಿತು. ಉಕ್ಕಿನ ಸರಳುಗಳನ್ನು ಸರಬರಾಜು ಮಾಡುವವರ ಹೆಸರಿನಲ್ಲಿ ಕಾರ್ಖಾನೆಯ ಲೆಕ್ಕಿಗರಿಗೆ ಒಂದು ಪತ್ರ ಬರುವುದು: 'ನಮ್ಮ ಬ್ಯಾಂಕಿನ ಖಾತೆ ಬದಲಾಗಿದೆ, ಈ ತಿಂಗಳ ಹಣವನ್ನು ಕೆಳಗಿನ ಖಾತೆಗೆ ಕಳುಹಿಸತಕ್ಕದ್ದು.' ಕಳುಹಿಸಿದ ಹಣ ಮತ್ತೆ ಬಾರದು. ಸಣ್ಣ ಕಾರ್ಖಾನೆಗೆ ಒಂದು ತಿಂಗಳ ಕಚ್ಚಾ ಸಾಮಗ್ರಿಯ ಹಣವೆಂದರೆ ಕೆಲಸಗಾರರ ಸಂಬಳವೇ ಆಗಬಹುದು. ಇಂತಹ ಪತ್ರ ಬಂದಾಗ ಹಳೆಯ ದೂರವಾಣಿಯ ಸಂಖ್ಯೆಗೆ ಕರೆಮಾಡಿ ಬಾಯಿಮಾತಿನಲ್ಲಿ ಕೇಳಿ ತಿಳಿಯುವುದೇ ಮದ್ದು. ಮೋಸವಾಗಿಹೋಗಿದ್ದರೆ ತಡಮಾಡದೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ತಿಳಿಸಬೇಕು. ಹಣವು ಕೈಯಿಂದ ಕೈಗೆ ದಾಟುವ ಮೊದಲೇ ತಡೆಯುವ ಅವಕಾಶವಿರುವುದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ.

ಕಾನೂನು ನಮ್ಮನ್ನು ಕಾಯುವುದಿಲ್ಲವೆ ಎಂದು ಕೇಳಬಹುದು. ಅಮೆರಿಕದ 2003ರ ಕಾನೂನು ಸ್ಪ್ಯಾಮನ್ನು ಕಳುಹಿಸುವಾಗ ಹೀಗೆ ಯಂತ್ರದಿಂದ ಹೆಕ್ಕಿದ ವಿಳಾಸಗಳನ್ನು ಬಳಸಿದರೆ ಅಪರಾಧವು ಹೆಚ್ಚಿನದೆಂದು ಎಣಿಸುವುದು. ನಮ್ಮ ದೇಶದಲ್ಲಿ ಮಿಂಚಂಚೆಯ ಸ್ಪ್ಯಾಮಿಗೆಂದೇ ಪ್ರತ್ಯೇಕ ಕಾನೂನಿಲ್ಲ. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮಿನ ಒಂದು ಭಾಗವು ಕಿರುಕುಳದ ಮಿಂಚಂಚೆಯನ್ನು ಮುಟ್ಟುತ್ತಿತ್ತು. ಆ ಕಲಮು ವಾಕ್‌ಸ್ವಾತಂತ್ರ್ಯಕ್ಕೆ ಕುತ್ತೆಂದು ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚಿಯಲ್ಲಿ ಅದನ್ನು ಪೂರ್ತಿಯಾಗಿ ರದ್ದುಮಾಡಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಾದರೂ ಆಸರೆಯುಂಟೆಂದು ನೋಡಿದರೆ, ವ್ಯಕ್ತಿಯು ತಾನಾಗಿಯೇ ಬಹಿರಂಗಪಡಿಸಿದ ಮಾಹಿತಿಗೂ, ಕಾನೂನಿನ ಕಟ್ಟಳೆಯಂತೆ ಬಹಿರಂಗಪಡಿಸಲಾದ ಮಾಹಿತಿಗೂ ಆ ಕಾಯಿದೆ ಅನ್ವಯಿಸದೆಂದು ಅದರ 3ನೆಯ ಕಲಮಿನಲ್ಲಿಯೇ ಹೇಳಿದೆ. ಎಂದರೆ ನಮ್ಮ ವಿಳಾಸವನ್ನು ನಾವೇ ಪುಟದಲ್ಲಿ ಹಾಕಿಕೊಂಡ ಮೇಲೆ ಅದಕ್ಕೆ ಕಾವಲು ನಾವೇ.

ಕಾವಲಿನ ವಿಧಾನಗಳಲ್ಲಿ ನಮ್ಮ ವಿದ್ಯಾರ್ಥಿಗಳೆಲ್ಲರೂ ಕಂಡಿರಬಹುದಾದುದು ಒಂದುಂಟು. ಯಾವುದಾದರೂ ಜಿಲ್ಲಾಡಳಿತದ ಜಾಲತಾಣವನ್ನು ತೆರೆದು ಅಧಿಕಾರಿಗಳ ವಿಳಾಸಗಳನ್ನು ನೋಡಿದರೆ, ಅಲ್ಲಿ @ ಇರುವ ಕಡೆ ಚೌಕಾವರಣದೊಳಗೆ 'ಅಟ್' ಎಂದೂ, ಚುಕ್ಕೆಯಿರುವ ಕಡೆ 'ಡಾಟ್' ಎಂದೂ ರೋಮನ್ ಅಕ್ಷರಗಳಲ್ಲಿ ಬರೆದಿರುವುದು ಕಾಣುವುದು. ನಮ್ಮ ಉದಾಹರಣೆಯನ್ನು ಆ ರೀತಿಯಲ್ಲಿ ಬರೆದರೆ 'ಮಾರಾಟ[ಅಟ್]ಕಾರ್ಖಾನೆ[ಡಾಟ್]ಉದಾಹರಣೆ' ಎಂದಾಗುವುದು. ಇದೇನು ಮುದ್ರಣದೋಷವೆ ಎಂದು ಅನೇಕರು ಬೆರಗಾಗಿರಬಹುದು. ದೋಷವಲ್ಲ, ವೇಷ. ಕುಯ್ಲುಯಂತ್ರವು ಹುಡುಕುವ ಗುರುತೇ ಪುಟದಲ್ಲಿಲ್ಲವಾದುದರಿಂದ ಅದು ಏನನ್ನೂ ಕಾಣದೆ ಮುಂದೆ ಸಾಗಲೆಂಬುದು ಇದರ ಉದ್ದೇಶ.

ಈ ವೇಷವು ಒಂದು ಕಾಲದಲ್ಲಿ ಆಶ್ಚರ್ಯಕರವಾಗಿ ಫಲಕೊಟ್ಟಿತು. ಅಮೆರಿಕದ 'ಸೆಂಟರ್ ಫಾರ್ ಡೆಮಾಕ್ರಸಿ ಅಂಡ್ ಟೆಕ್ನಾಲಜಿ' ಎಂಬ ಸಂಸ್ಥೆಯು 2003ರಲ್ಲಿ ಪ್ರಕಟಿಸಿದ ಪ್ರಯೋಗವೇ ಇದಕ್ಕೆ ಸಾಕ್ಷಿ. ಆ ಸಂಸ್ಥೆಯವರು ನೂರಾರು ಹೊಸ ವಿಳಾಸಗಳನ್ನು ಸೃಷ್ಟಿಸಿ, ಒಂದೊಂದನ್ನು ಒಂದೊಂದು ಕಡೆ ಮಾತ್ರ ಬಳಸಿ, ಆರು ತಿಂಗಳು ಕಾದರು. ಬಂದ ಸ್ಪ್ಯಾಮಿನಲ್ಲಿ ನೂರಕ್ಕೆ 97 ಪಾಲು ಜಾಲತಾಣಗಳ ಪುಟಗಳಲ್ಲಿ ಬಹಿರಂಗವಾಗಿ ಪ್ರಕಟಿಸಿದ ವಿಳಾಸಗಳಿಗೇ ಬಂದಿತ್ತು. ಅಂಥವೇ ಪುಟಗಳಲ್ಲಿ ವೇಷಹಾಕಿ ನಿಲ್ಲಿಸಿದ ವಿಳಾಸಗಳಿಗೆ ಒಂದೇ ಒಂದು ಸ್ಪ್ಯಾಮೂ ಬರಲಿಲ್ಲ.

ಹಾಗಾದರೆ ಸಮಸ್ಯೆ ತೀರಿತೆ? ಇಲ್ಲಿಯೇ ವಿಚಾರ ಮಾಡಬೇಕಾದ ಅಂಶವಿದೆ. ಹಗಲುವೇಷದವರು ಊರಿಗೆ ಬಂದಾಗ ಒಬ್ಬನು ಪೊಲೀಸನ ವೇಷ ಹಾಕಿದರೆ ಜನ ಒಂದು ಗಳಿಗೆ ಮೋಸಹೋಗುವರು. ದಿನವೂ ಅದೇ ಹಾದಿಯಲ್ಲಿ ಅದೇ ವೇಷದ ಸಾವಿರ ಜನ ನಡೆದಾಡಿದರೆ ಯಾರೂ ಮೋಸಹೋಗರು. 2003ರ ವಿಳಾಸಗಳು ಬದುಕಿಕೊಂಡದ್ದು ವೇಷದ ಬಲದಿಂದಲ್ಲ, ಅಂತಹ ವೇಷ ತೊಟ್ಟವರು ವಿರಳವಾಗಿದ್ದುದರಿಂದ. ಕೆಲವರಿಗಾಗಿ ಯಂತ್ರವನ್ನು ತಿದ್ದುವ ಶ್ರಮ ಲಾಭದಾಯಕವಾಗಿರಲಿಲ್ಲ. ಈಗಲಾದರೋ ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರ್ ರೂಪಿಸಿದ ಒಂದೇ ಅಚ್ಚಿನಲ್ಲಿ ದೇಶದ ಜಿಲ್ಲೆಗಳ ಜಾಲತಾಣಗಳು ತಯಾರಾಗುವುವು. ಎಲ್ಲವುಗಳಲ್ಲಿಯೂ ಅದೇ ಚೌಕಾವರಣ, ಅದೇ 'ಅಟ್', ಅದೇ 'ಡಾಟ್'. ಚೌಕಾವರಣದೊಳಗಿನ 'ಅಟ್' ಕಂಡರೆ ಅದನ್ನು @ ಎಂದು ಬದಲಾಯಿಸು ಎಂಬ ಒಂದು ಸಾಲನ್ನು ಕುಯ್ಲುಯಂತ್ರಕ್ಕೆ ಸೇರಿಸಿದರೆ, ಅತ್ತಿಬೆಲೆಯನ್ನೊಳಗೊಂಡ ಬೆಂಗಳೂರು ನಗರ ಜಿಲ್ಲೆಯಿಂದ ಹಿಡಿದು ದೇಶದ ಉದ್ದಗಲದ ಅಧಿಕಾರಿಗಳ ವಿಳಾಸಗಳೆಲ್ಲ ಒಮ್ಮೆಗೇ ಕೈವಶವಾಗುವುವು. ಪ್ರತಿಫಲ ಅಷ್ಟು ದೊಡ್ಡದಾದಾಗ ಆ ಒಂದು ಸಾಲನ್ನು ಬರೆಯದಿರುವ ಕಳ್ಳನಾರು?

ಇನ್ನು ಇದೇ ವೇಷದಿಂದ ನಾಗರಿಕನಿಗೆ ಆಗುವ ತೊಂದರೆಯನ್ನು ಎಣಿಸಬೇಕು. 2005ರ ಮಾಹಿತಿ ಹಕ್ಕಿನ ಕಾಯಿದೆಯ 4ನೆಯ ಕಲಮಿನಂತೆ ಸರ್ಕಾರಿ ಕಚೇರಿಗಳು ತಮ್ಮ ಅಧಿಕಾರಿಗಳ ಪಟ್ಟಿಯನ್ನೂ ಮಾಹಿತಿ ಅಧಿಕಾರಿಗಳ ವಿವರಗಳನ್ನೂ ತಾವಾಗಿಯೇ ಪ್ರಕಟಿಸತಕ್ಕದ್ದು. ಜನರು ಬರೆಯಲೆಂದೇ ಪ್ರಕಟಿಸುವ ವಿಳಾಸವಿದು. ಹಳ್ಳಿಯ ಒಬ್ಬ ರೈತನು ತನ್ನ ಕೈಪೇಟೆಯ ದೂರವಾಣಿಯಲ್ಲಿ ಇದನ್ನು ಮುಟ್ಟಿದರೆ ಪತ್ರದ ಹಾಳೆ ತೆರೆಯದು. ನಕಲು ಮಾಡಿಕೊಂಡು ಆವರಣಗಳನ್ನು ಅಳಿಸಿ, ಗುರುತುಗಳನ್ನು ಒಂದೊಂದಾಗಿ ತಿದ್ದಬೇಕು. ಒಂದು ಚುಕ್ಕೆ ತಪ್ಪಿದರೂ ದೂರು ಎಲ್ಲಿಗೂ ತಲಪದು. ಕಣ್ಣಿಲ್ಲದವರು ಪುಟವನ್ನು ಗಟ್ಟಿಯಾಗಿ ಓದಿಸುವ ತಂತ್ರಾಂಶದ ನೆರವಿನಿಂದ ಬಳಸುವರು. ಅವರ ಕಿವಿಗೆ ಈ ಆವರಣಗಳ ಸಾಲು ಬರಿಯ ಗದ್ದಲ. ಕಳ್ಳನಿಗೆ ಒಂದೇ ಸಲದ ಒಂದು ಸಾಲಿನ ಕೆಲಸ, ನಾಗರಿಕನಿಗೆ ಪ್ರತಿಸಲವೂ ಕೆಲಸ. ಕಾವಲಿನ ಖರ್ಚು ಹೀಗೆ ತಲೆಕೆಳಗಾದರೆ ಅಂತಹ ಕಾವಲನ್ನು ಕೈಬಿಡುವುದೇ ಲೇಸೆಂದು ನಮ್ಮ ಅಭಿಪ್ರಾಯ.

ನಾಗರಿಕನಿಗೆ ಕಾಣದಂತೆ, ಯಂತ್ರಕ್ಕೆ ಮಾತ್ರ ತೊಡಕಾಗುವಂತೆ ವೇಷ ಹಾಕುವ ಉಪಾಯಗಳೂ ಉಂಟು. ಗಣಕದೊಳಗೆ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯಿರುವುದೆಂದು ವಿದ್ಯಾರ್ಥಿಗಳು ಬಲ್ಲರು. @ ಗುರುತಿನ ಸಂಖ್ಯೆ 64, ಚುಕ್ಕೆಯದು 46. ನಮ್ಮ 'ಅ' ಅಕ್ಷರದ್ದು 3205. ಪುಟದ ಮೂಲಪಠ್ಯದಲ್ಲಿ @ ಎಂದು ಬರೆಯುವ ಬದಲು &#64; ಎಂದು ಬರೆದರೆ, ಅದನ್ನು ತೋರಿಸುವ ಬ್ರೌಸರು ಓದುಗನ ಕಣ್ಣಿಗೆ @ ಎಂದೇ ತೋರಿಸುವುದು. ಓದುಗನಿಗೆ ಯಾವ ತೊಡಕೂ ಇಲ್ಲ, ಮುಟ್ಟಿದರೆ ಪತ್ರದ ಹಾಳೆಯೂ ತೆರೆಯುವುದು. ಆದರೆ ಇದನ್ನು ಬಿಡಿಸುವುದೂ ಯಂತ್ರಕ್ಕೆ ಒಂದು ಸಾಲಿನ ಕೆಲಸವೇ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ವಿಳಾಸದ ಪ್ರತಿಯೊಂದು ಅಕ್ಷರದ ಸಂಖ್ಯೆಗೂ 5ನ್ನು ಕೂಡಿಸಿ, ಬಂದ ಸಂಖ್ಯೆಗಳ ಸಾಲನ್ನು ಮಾತ್ರ ಪುಟದಲ್ಲಿಡುವುದು. ಆಗ @ ಇರುವ ಕಡೆ 69, ಚುಕ್ಕೆಯಿರುವ ಕಡೆ 51 ಇರುವುವು. ಜೊತೆಗೆ, 5ನ್ನು ಕಳೆದು ಮೂಲ ಅಕ್ಷರಗಳನ್ನು ಜೋಡಿಸಿ ತೋರಿಸು ಎನ್ನುವ ಪುಟ್ಟ ಜಾವಾಸ್ಕ್ರಿಪ್ಟ್ ಕಾರ್ಯಕ್ರಮವೊಂದನ್ನು ಸೇರಿಸುವುದು. ಓದುಗನ ಬ್ರೌಸರು ಈ ಕಾರ್ಯಕ್ರಮವನ್ನು ನಡೆಸಿ ವಿಳಾಸವನ್ನು ಕಟ್ಟಿಕೊಡುವುದು. ಅನೇಕ ಜಾಲತಾಣಗಳಿಗೆ ಕಾವಲು ಒದಗಿಸುವ ಕ್ಲೌಡ್‌ಫ್ಲೇರ್ ಕಂಪೆನಿಯ ವಿಧಾನವೂ ಇದೇ ಜಾತಿಯದು. ಬೀಗ ಹಾಕಿ ಕೀಲಿಕೈಯನ್ನು ಪಕ್ಕದ ಮೊಳೆಗೇ ತಗುಲಿಹಾಕಿದಂತಾಯಿತಲ್ಲ ಎಂದು ಚುರುಕಾದ ವಿದ್ಯಾರ್ಥಿ ಆಕ್ಷೇಪಿಸಬಹುದು. ಆಕ್ಷೇಪ ಸರಿ. ಆದರೂ ಇದು ಫಲಕೊಡುವುದಕ್ಕೆ ಕಾರಣವಿದೆ. ಪುಟದ ಪಠ್ಯವನ್ನು ಬರಿದೆ ಹುಡುಕುವುದು ಒಂದು ಕೆಲಸ. ಪುಟದೊಳಗಿನ ಕಾರ್ಯಕ್ರಮವನ್ನೆಲ್ಲ ನಡೆಸಿ ನೋಡುವುದು ಅದರ ಹತ್ತಾರು ಪಟ್ಟು ಕೆಲಸ. ದಿನಕ್ಕೆ ಲಕ್ಷಗಟ್ಟಲೆ ಪುಟಗಳನ್ನು ಮುಗಿಸಬೇಕಾದ ಯಂತ್ರಕ್ಕೆ ಪುಟವೊಂದರ ಮೇಲೆ ಅಷ್ಟು ಹೊತ್ತು ಕಳೆಯುವುದು ನಷ್ಟ. ಮೇಲಾಗಿ ಒಬ್ಬರು 5ನ್ನು ಕೂಡಿಸಿದರೆ ಇನ್ನೊಬ್ಬರು 7ನ್ನು ಕೂಡಿಸಬಹುದು, ಮತ್ತೊಬ್ಬರು ಸಾಲನ್ನೇ ಹಿಂದುಮುಂದಾಗಿಸಬಹುದು. ಸಾವಿರ ಜನ ಸಾವಿರ ಬೀಗಗಳನ್ನು ಹಾಕಿದಾಗ ಒಂದೊಂದು ಬೀಗವೂ ಹುಲ್ಲುಕಡ್ಡಿಯದಾದರೂ ಕಳ್ಳನಿಗೆ ಸಾಕಾಗುವುದು.

ವಿಳಾಸವನ್ನು ಚಿತ್ರವಾಗಿ ಬರೆದು ಅಂಟಿಸುವವರೂ ಇದ್ದಾರೆ. ಇದನ್ನು ನಾವು ಮೆಚ್ಚಲಾರೆವು. ಕಣ್ಣಿಲ್ಲದವರಿಗೆ ಅಲ್ಲಿ ಏನೂ ಇಲ್ಲದಂತಾಗುವುದು. ಚಿತ್ರದೊಳಗಿನ ಅಕ್ಷರಗಳನ್ನು ಓದುವ ತಂತ್ರಾಂಶವಾದರೋ ಇಂದು ಪ್ರತಿಯೊಬ್ಬರ ಜೇಬಿನ ದೂರವಾಣಿಯಲ್ಲಿಯೂ ಇದೆ.

ವಿಳಾಸವನ್ನು ಪುಟದಲ್ಲಿ ಇಡದೆಯೇ ಪತ್ರಗಳನ್ನು ಪಡೆಯುವ ಉಪಾಯವೊಂದಿದೆ. ಹೆಸರು, ವಿಷಯ, ಸಂದೇಶ ಎಂಬ ತೆರಪುಗಳುಳ್ಳ ಒಂದು ನಮೂನೆಯನ್ನು ಪುಟದಲ್ಲಿಟ್ಟು, ಬರೆದುದನ್ನು ಜಾಲತಾಣದ ಗಣಕವೇ ಒಳಗಿನಿಂದ ಕಾರ್ಖಾನೆಗೆ ಕಳುಹಿಸುವಂತೆ ಏರ್ಪಡಿಸುವುದು. ವಿಳಾಸವು ಪುಟದ ಮೂಲಪಠ್ಯದಲ್ಲಿ ಎಲ್ಲಿಯೂ ಇಲ್ಲವಾದುದರಿಂದ ಕುಯ್ಲುಯಂತ್ರಕ್ಕೆ ಹೆಕ್ಕಲು ಏನೂ ಇಲ್ಲ. ಆದರೆ ಯಂತ್ರಗಳು ಈ ನಮೂನೆಯನ್ನೇ ತುಂಬಿ ಸ್ಪ್ಯಾಮ್ ಕಳುಹಿಸತೊಡಗುವುವು. ಅದಕ್ಕೆ ಪ್ರತಿಯಾಗಿ 2000ದ ಸುಮಾರಿನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಸೊಟ್ಟಪಟ್ಟ ಅಕ್ಷರಗಳನ್ನು ಓದಿಸುವ 'ಕ್ಯಾಪ್ಚಾ' ಪರೀಕ್ಷೆಯನ್ನು ತಂದರು. ಇದಕ್ಕಿಂತ ಸರಳವಾದ, ನಮಗೆ ಬಹಳ ಹಿಡಿಸಿದ ಯುಕ್ತಿ ಇನ್ನೊಂದು. ನಮೂನೆಯಲ್ಲಿ ಮನುಷ್ಯರಿಗೆ ಕಾಣದ ಒಂದು ತೆರಪನ್ನು ಅಡಗಿಸಿಡುವರು. ಮನುಷ್ಯನು ಕಾಣದುದನ್ನು ತುಂಬುವುದಿಲ್ಲ. ಮೂಲಪಠ್ಯವನ್ನು ಓದುವ ಯಂತ್ರವು ಎಲ್ಲವನ್ನೂ ತುಂಬುವುದು. ಆ ತೆರಪು ತುಂಬಿ ಬಂದರೆ ಪತ್ರವನ್ನು ಕಸದ ಬುಟ್ಟಿಗೆ ಹಾಕಬಹುದು. ಇಲಿಯ ಬೋನಿನ ಕೊಬ್ಬರಿಯ ಚೂರಿನಂತೆ! ನಮೂನೆಯ ದೋಷವೇನೆಂದರೆ, ಬರೆದವನ ಬಳಿ ತನ್ನ ಪತ್ರದ ಪ್ರತಿ ಉಳಿಯದು. ದೂರು ಕೊಟ್ಟವನಿಗೆ 'ಇಂತಹ ದಿನ ಬರೆದಿದ್ದೆ' ಎನ್ನಲು ಆಧಾರ ಬೇಕು. ಆದುದರಿಂದ ಕಚೇರಿಗಳು ನಮೂನೆಯನ್ನು ಬಳಸುವುದಾದರೆ ಪತ್ರವೊಂದಕ್ಕೆ ಒಂದು ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಕೊಡಬೇಕು.

ಇಷ್ಟೆಲ್ಲ ಮಾಡಿದರೂ ಊಹೆಗೆ ಬಾಗಿಲು ತೆರೆದೇ ಇದೆ. ಇಲ್ಲಿ ಸ್ವಲ್ಪ ಗಣಿತ ನೋಡೋಣ. ನಮ್ಮ ದೇಶದ ಮೊಬೈಲ್ ಸಂಖ್ಯೆಗಳು 6, 7, 8, 9ರಲ್ಲೊಂದರಿಂದ ಆರಂಭವಾಗಿ ಹತ್ತು ಅಂಕಿಗಳಿರುವುವು. ಸಾಧ್ಯವಾದ ಸಂಖ್ಯೆಗಳು 400 ಕೋಟಿ. ಬಳಕೆಯಲ್ಲಿರುವುವು ನೂರು ಕೋಟಿಗೂ ಮಿಕ್ಕಿ. ಕಣ್ಣುಮುಚ್ಚಿ ಒತ್ತಿದರೂ ನಾಲ್ಕರಲ್ಲೊಂದು ಯಾರದೋ ಮನೆಯಲ್ಲಿ ಮೊಳಗುವುದು. ಹೀಗಿರುವಾಗ ಬರಿಯ ಸಂಖ್ಯೆಯನ್ನು ಅಡಗಿಸುವುದರಿಂದ ಬೇಡದ ಕರೆಗಳು ನಿಲ್ಲಲಾರವು. ಸಂಖ್ಯೆಯ ಜೊತೆಗಿನ ಹೆಸರನ್ನೂ ಹುದ್ದೆಯನ್ನೂ ಅಡಗಿಸುವುದರಲ್ಲಿ ಪ್ರಯೋಜನವಿದೆ. ಮಿಂಚಂಚೆಯ ವಿಳಾಸದ ಸ್ಥಿತಿ ಬೇರೆ. ಎಂಟು ರೋಮನ್ ಅಕ್ಷರಗಳ ಹೆಸರುಗಳು 26ರ ಎಂಟನೆಯ ಘಾತದಷ್ಟು, ಎಂದರೆ 20,000 ಕೋಟಿಗೂ ಹೆಚ್ಚು; ಪ್ರಪಂಚದ ಜನಸಂಖ್ಯೆಯೋ 800 ಕೋಟಿಯ ಆಸುಪಾಸು. ಕುರುಡು ಊಹೆ ಇಲ್ಲಿ ಫಲಿಸದು. ಆದುದರಿಂದಲೇ ಕಳ್ಳರಿಗೆ ಕುಯ್ಲು ಬೇಕಾದುದು. ಹಾಗೆಂದು ನಮ್ಮ ಕಾರ್ಖಾನೆಯವರು 'ಮಾರಾಟ', 'ಮಾಹಿತಿ', 'ಸಹಾಯ' ಎಂಬಂತಹ ಹೆಸರುಗಳನ್ನು ಇಟ್ಟುಕೊಂಡರೆ ಲೆಕ್ಕ ಕೆಡುವುದು. ಅಂತರಜಾಲದ ನಿಯಮಪತ್ರಗಳಲ್ಲೊಂದು 1997ರಲ್ಲಿಯೇ ಇಂತಹ ಸಾಮಾನ್ಯ ಹೆಸರುಗಳ ಪಟ್ಟಿಯನ್ನು ಕೊಟ್ಟಿದೆ. ಎಲ್ಲ ಸಂಸ್ಥೆಗಳಲ್ಲಿಯೂ ಇವು ಇರುವುವೆಂದು ಕಳ್ಳನೂ ಬಲ್ಲನು. ಇವನ್ನು ಹೆಕ್ಕಬೇಕಾಗಿಯೇ ಇಲ್ಲ.

ಕನ್ನಡ ಲಿಪಿಯಲ್ಲಿಯೇ ವಿಳಾಸಗಳನ್ನು ಇಟ್ಟುಕೊಂಡರೆ ಹೇಗೆ? ಇದು ಕನಸಲ್ಲ. ಇತರ ಲಿಪಿಗಳ ಮಿಂಚಂಚೆಗೆ ಬೇಕಾದ ನಿಯಮಗಳು 2012ರಲ್ಲಿಯೇ ಹೊರಬಂದಿವೆ, '.ಭಾರತ' ಎಂದು ಕನ್ನಡ ಲಿಪಿಯಲ್ಲಿ ಕೊನೆಗೊಳ್ಳುವ ತಾಣನಾಮಗಳೂ ದೊರೆಯುವುವು. ರೋಮನ್ ಅಕ್ಷರಗಳನ್ನು ಮಾತ್ರ ಹೆಕ್ಕಲು ಕಲಿತ ಯಂತ್ರವು ಇಂತಹ ವಿಳಾಸದ ಎದುರು ಪೆಚ್ಚಾಗಿ ನಿಲ್ಲುವುದು. ಬಳಸುವವರು ಹೆಚ್ಚಿದಂತೆ ಯಂತ್ರವೂ ಕನ್ನಡ ಕಲಿಯುವುದೆಂಬುದನ್ನು ಮೇಲಿನ ವಿವರಣೆಯಿಂದಲೇ ಓದುಗರು ಊಹಿಸಬಹುದು. ಕಳ್ಳರಿಗಾದರೂ ಕನ್ನಡ ಕಲಿಸಿದ ಪುಣ್ಯ ನಮಗೆ ದಕ್ಕೀತು!

ಅತ್ತಿಬೆಲೆಯ ನಮ್ಮ ಕಾರ್ಖಾನೆಗೆ ಮರಳಿದರೆ, ಅದರ ಜಾಲತಾಣದಲ್ಲಿ ಬೇಡಿಕೆಯ ಪತ್ರಗಳಿಗಾಗಿ ಮೇಲೆ ಹೇಳಿದ ನಮೂನೆಯನ್ನೂ, ಜಾವಾಸ್ಕ್ರಿಪ್ಟಿನಿಂದ ಕಟ್ಟಿದ ಒಂದೇ ವಿಳಾಸವನ್ನೂ ಇಡುವುದು ಸೂಕ್ತ. ಆ ವಿಳಾಸವನ್ನು ಬೇರೆಲ್ಲಿಯೂ ಬಳಸಬಾರದು. ಸ್ಪ್ಯಾಮಿನಿಂದ ತುಂಬಿಹೋದರೆ ಅದನ್ನು ಬಿಟ್ಟು ಇನ್ನೊಂದನ್ನು ತೆರೆಯಬಹುದು. ಬ್ಯಾಂಕಿಗೂ ಸರಬರಾಜುದಾರರಿಗೂ ಬರೆಯುವ ಲೆಕ್ಕಪತ್ರ ವಿಭಾಗದ ವಿಳಾಸವು ಜಾಲತಾಣದಲ್ಲಿ ಇರಲೇಬಾರದು.

ಕೊನೆಯದಾಗಿ, ವಿದ್ಯಾರ್ಥಿಗಳು ತಾವೇ ಮಾಡಿನೋಡಬಹುದಾದ ಒಂದು ಪ್ರಯೋಗ. ಬೇರಾವುದಕ್ಕೂ ಬಳಸದ ಮೂರು ಹೊಸ ವಿಳಾಸಗಳನ್ನು ತೆರೆಯಿರಿ. ಹೆಸರುಗಳು ಊಹೆಗೆ ನಿಲುಕದಂತೆ ಅರ್ಥವಿಲ್ಲದ ಹತ್ತು ಹನ್ನೆರಡು ಅಕ್ಷರಗಳಿರಲಿ. ನಿಮ್ಮ ನಿಜವಾದ ಹೆಸರನ್ನಾಗಲಿ ದೂರವಾಣಿಯನ್ನಾಗಲಿ ಅದರಲ್ಲಿ ಸೇರಿಸಬೇಡಿರಿ. ಅಧ್ಯಾಪಕರ ಅನುಮತಿ ಪಡೆದು ಕಾಲೇಜಿನ ವಿಜ್ಞಾನ ಸಂಘದ ಪುಟದಲ್ಲಿ ಮೊದಲನೆಯದನ್ನು ಇದ್ದಂತೆಯೇ, ಎರಡನೆಯದನ್ನು ಚೌಕಾವರಣದ ವೇಷದಲ್ಲಿ, ಮೂರನೆಯದನ್ನು ಜಾವಾಸ್ಕ್ರಿಪ್ಟಿನಿಂದ ಕಟ್ಟಿ ಪ್ರಕಟಿಸಿರಿ. ಮೂರು ತಿಂಗಳ ಕಾಲ ವಾರಕ್ಕೊಮ್ಮೆ ಪತ್ರಗಳನ್ನು ಎಣಿಸಿ ನಕ್ಷೆ ಬರೆಯಿರಿ. ಬಂದ ಪತ್ರಗಳೊಳಗಿನ ಯಾವ ಕೊಂಡಿಯನ್ನೂ ಮುಟ್ಟಬಾರದು, ಯಾವುದಕ್ಕೂ ಉತ್ತರ ಬರೆಯಬಾರದು. ಉತ್ತರ ಬಂದರೆ ವಿಳಾಸ ಜೀವಂತವಾಗಿದೆಯೆಂದು ಕಳುಹಿಸಿದವನಿಗೆ ತಿಳಿದು ಎಣಿಕೆಯೇ ಕೆಡುವುದು. ಸ್ಪ್ಯಾಮ್ ಎಂಬ ಪೆಟ್ಟಿಗೆಯೊಳಗೆ ತಾನಾಗಿ ಬಿದ್ದವನ್ನೂ ಲೆಕ್ಕಕ್ಕೆ ಹಿಡಿಯಲು ಮರೆಯಬೇಡಿರಿ. ಜಿಮೇಲಿನಲ್ಲಿ ಅವು 30 ದಿನಗಳ ಬಳಿಕ ಅಳಿಸಿಹೋಗುವುವು.